ವಿಲಾಯತಿ ಆಚಾರ

ಮಾನ್ವಿಯಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಬಂದು "ಪ್ರಹ್ಲಾದಾಚಾರ್ಯರ ಖಾನಾವಳಿ ಎಲ್ಲಿ?" ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. "ವಿಲಾಯತಿ ಆಚಾರ" ಅಂದರೆ ಸಾಕು, ತೊದಲು ಮಾತಿನ ಕೂಸು ಕೂಡ ಬೆರಳು ಮಾಡಿ ತೋರಿಸುತ್ತಿತ್ತು. ಆ ವಿಲಾಯತಿ ಆಚಾರ ನನ್ನ ಅಪ್ಪ, ನಾನು ಅವನ ಒಬ್ಬಳೇ ಮಗಳು. ಅವನು ಬದುಕಿನಲ್ಲಿ ಕಂಡ ಅತಿ ದೂರದ ಪರದೇಶವೆಂದರೆ ರಾಯಚೂರು ಸ್ಟೇಷನ್ನಿನ ಪ್ಲಾಟ್‌ಫಾರ್ಮು. ವಿಲಾಯತಿಯ ದಾರಿಯಲ್ಲಿ ಅಲ್ಲಿಂದ ಮುಂದೆ ಅವನು ಒಂದು ಹೆಜ್ಜೆಯನ್ನೂ ಇಟ್ಟವನಲ್ಲ. ಈ ಮಾತನ್ನು ಹೇಳಬೇಕಾದ ಹೊತ್ತಿನಲ್ಲಿ, ಹೇಳಬೇಕಾದವರ ಮುಂದೆ ನಾನು ಹೇಳಲಿಲ್ಲ. ಆದ್ದರಿಂದ ಈಗ ಬರೆಯುತ್ತಿದ್ದೇನೆ.

ಅಪ್ಪ ರಾಯಚೂರಿನಲ್ಲಿ ನಮ್ಮ ಓಣಿಯ ಮಠದ ಅಡಿಗೆಯವನು. ಅವನ ಅಜ್ಜ ಆ ಒಲೆಯ ಮುಂದೆ ಕೂತಿದ್ದ, ಅವನ ಅಪ್ಪ ಕೂತಿದ್ದ, ಆಮೇಲೆ ಇವನು ಕೂತ. ದೇವರ ನೈವೇದ್ಯಕ್ಕೆ ಮೂರು ತಲೆಮಾರು ನಮ್ಮ ಮನೆಯ ಕೈಯಿಂದಲೇ ಅನ್ನ ಇಳಿದದ್ದು. ಹೊರಗೆ ಬಿಸಿಲು, ಒಳಗೆ ಬೆಂಕಿ, ನಡುವೆ ಒದ್ದೆ ಪಂಚೆ ಉಟ್ಟ ನಮ್ಮಪ್ಪ. ನಲವತ್ತೈದು ವರ್ಷಕ್ಕೇ ಅವನ ಹುಬ್ಬಿನ ಕೂದಲು ಸುಟ್ಟು ಉದುರಿಹೋಗಿದ್ದವು. ಆದರೂ ಒಲೆ ಅಂದರೆ ಅವನಿಗೆ ಜೀವ. "ನಮ್ಮ ಒಲಿ" ಅನ್ನುತ್ತಿದ್ದನೇ ಹೊರತು ಮಠದ ಒಲೆ ಎಂದು ಒಮ್ಮೆಯೂ ಅಂದವನಲ್ಲ.

ಈ ಬೆಂಕಿಯ ಮನುಷ್ಯನ ತಲೆಯಲ್ಲಿ ಹಿಮ ತುಂಬಿದವರು ವಕೀಲ ಸ್ವಾಮಿರಾಯರು. ಜಾಲಹಳ್ಳಿ ಕಡೆ ಹೊಲ, ದೇವದುರ್ಗದಲ್ಲಿ ಅಣ್ಣ ಮತ್ತು ತಾಯಿ, ರಾಯಚೂರಿನಲ್ಲಿ ದೊಡ್ಡ ಮನೆ, ಮಠಕ್ಕೆ ಕೊಡುವುದರಲ್ಲಿ ಎತ್ತಿದ ಕೈ. ೧೯೪೬ರ ಬೇಸಿಗೆಯಲ್ಲಿ ಅವರು ಕ್ಲಬ್ಬಿನಿಂದ ಒಂದು ಇಂಗ್ಲಿಷ್ ಪತ್ರಿಕೆ ತಂದರು. ಅದರಲ್ಲೊಂದು ಚಿತ್ರವಿತ್ತು. ಬೆಳ್ಳಗಿನ ಗುಡ್ಡ, ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಜಾರುತ್ತಿರುವ ಗಂಡ ಹೆಂಡತಿ. ಕೆಳಗೆ ಸ್ವಿಟ್ಜರ್ಲೆಂಡ್ ಎಂದು ಬರೆದಿತ್ತು. ರಾಯಚೂರಿನಿಂದ ಓದಲಿಕ್ಕೆ ಲಂಡನ್ನಿಗೆ ಹೋದವರಿದ್ದರು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬರೀ ಜಾರಲಿಕ್ಕೆ ಹೋದವರು ಯಾರೂ ಇರಲಿಲ್ಲ. ಆ ಮೊದಲಿಗರು ತಾವೇ ಆಗಬೇಕೆಂಬ ಹುಳ ವಕೀಲರ ತಲೆ ಹೊಕ್ಕಿತು. ಪಡಸಾಲೆಯ ಗೋಡೆಗೆ ಯುರೋಪಿನ ನಕಾಶೆ ಬಂತು. ಮದ್ರಾಸ್ ಮೇಲ್ ರೈಲಿನಲ್ಲಿ ಮುಂಬಯಿ, ಅಲ್ಲಿಂದ ಹಡಗು, ಇಟಲಿಯಲ್ಲಿ ಇಳಿದು ಮತ್ತೆ ರೈಲು. ಕೋರ್ಟಿನಿಂದ ಬಂದವರೇ ಕೋಟು ಬಿಚ್ಚದೆ ನಕಾಶೆಯ ಮುಂದೆ ನಿಲ್ಲುತ್ತಿದ್ದರು.

ಅಡ್ಡ ಬಂದವರು ದೇವದುರ್ಗದ ತಾಯಿ, ಕಾವೇರಿಬಾಯಿ. ಸಮುದ್ರ ದಾಟಿದರೆ ಜಾತಿ ಹೋಗುತ್ತದೆ ಎಂದು ನಂಬಿದ ಮುದುಕಿ. ಬಂದ ಮೇಲೆ ಪ್ರಾಯಶ್ಚಿತ್ತ ಮಾಡಿಸಿಕೊಳ್ಳುತ್ತೇವೆ ಎಂದು ಮಗ ಕಾಲು ಹಿಡಿದಾಗ ಅರ್ಧ ಒಪ್ಪಿದರು.

"ನೀರು ದಾಟಿದ್ದಕ್ಕ ಪ್ರಾಯಶ್ಚಿತ್ತ ಅದ. ಕಂಡವರ ಕೈಯಾಗ ಉಂಡಿದ್ದಕ್ಕ ಏನದ? ಮಠದ ಪ್ರಹ್ಲಾದ ನಿಮ್ಮ ಜೋಡಿ ಬರೋದಾದ್ರ ಹೋಗ್ರಿ. ಅವನ ಕೈ ಅನ್ನ ಬಿಟ್ಟು ಬ್ಯಾರೆ ಉಂಡ್ರ ನನ್ನ ಹೆಣಾ ಮುಟ್ಟಬ್ಯಾಡ" ಅಂದರು.

ಹೀಗೆ ನಾಲ್ವರ ಪ್ರವಾಸ ಐವರದಾಯಿತು. ವಕೀಲರು, ಹೆಂಡತಿ ವಿಜಯಾಬಾಯಿ, ಕಾಲೇಜು ಓದುತ್ತಿದ್ದ ಮಗ ಗುರುರಾಜ, ನನ್ನ ವಾರಿಗೆಯ ಮಗಳು, ಜೊತೆಗೆ ನಮ್ಮಪ್ಪ.

ಅಪ್ಪ ಮೊದಲು ಒಲ್ಲೆ ಎಂದ. ಅವನ ಮನಸ್ಸು ತಿರುಗಿದ್ದು ಅಗಸಿ ಬೀಜದ ರಾಶಿಯ ಮೇಲೆ. ಹಲಗೆ ಕಟ್ಟಿಕೊಂಡು ಜಾರುವುದನ್ನು ಇಲ್ಲಿಯೇ ಕಲಿತು ಹೋಗಬೇಕು, ಅಲ್ಲಿಯವರ ಮುಂದೆ ನಗೆಪಾಟಲಾಗಬಾರದು ಎಂದು ವಕೀಲರು ಬಡಿಗನಿಂದ ಸಾಗವಾನಿಯ ಎರಡು ಹಲಗೆ ಮಾಡಿಸಿದರು. ತುದಿ ಮೇಲಕ್ಕೆ ಬಾಗಿರಬೇಕು ಎಂದು ಚಿತ್ರ ತೋರಿಸಿದರೆ ಬಡಿಗ ಬೇರೆ ತುಂಡು ಕೆತ್ತಿ ಮೊಳೆ ಹೊಡೆದುಕೊಟ್ಟ. ಗಂಜ್ ಪೇಟೆಯಲ್ಲಿ ಅವರ ಕಕ್ಷಿದಾರನೊಬ್ಬನ ಎಣ್ಣೆ ಗಿರಣಿಯಿತ್ತು. ಅಲ್ಲಿನ ಗೋದಾಮಿನಲ್ಲಿ ಅಗಸಿಯನ್ನು ಮಾಳಿಗೆಯ ಎತ್ತರ ಸುರಿದಿದ್ದರು. ಅಗಸಿಯಷ್ಟು ನುಣುಪಾದ ಕಾಳು ಬೇರೊಂದಿಲ್ಲ, ಅದರ ಮೇಲೆ ಕಾಲಿಟ್ಟವನು ನಿಂತಲ್ಲಿ ನಿಲ್ಲಲಾರ. ವಕೀಲರು ನಿಲ್ಲಲಿಲ್ಲ. ಗುರುರಾಜ ಮಾರುದ್ದ ಹೋಗಿ ಮುಖ ಅಡಿಯಾಗಿ ಬಿದ್ದು ಮೂಗಿನ ತುಂಬ ಅಗಸಿ ತುಂಬಿಕೊಂಡ. ಅಲ್ಲಿದ್ದ ಹಮಾಲಿ ತಾಯಣ್ಣ ನಗು ತಡೆಯಲಾರದೆ ಚೀಲದ ಮರೆಗೆ ಹೋದ. ಆಗ ವಕೀಲರಿಗೆ ಮುನ್ನೂರು ಜನರ ಪಂಕ್ತಿಗೆ ಕುದಿಯುವ ಸಾರಿನ ಕೊಳಗ ಹೊತ್ತು ಒದ್ದೆ ಕಲ್ಲಿನ ಮೇಲೆ ಓಡಾಡುವ ನಮ್ಮಪ್ಪನ ಕಾಲು ಕಣ್ಣಿಗೆ ಬಿತ್ತು.

"ಪ್ರಹ್ಲಾದಾ, ನೀ ಹತ್ತು" ಅಂದರು.

ಅಪ್ಪ ಮೊದಲು ಒಂದು ಚಿಟಿಕೆ ಅಗಸಿ ಕಣ್ಣಿಗೆ ಒತ್ತಿಕೊಂಡ. ಕಾಳನ್ನು ತುಳಿಯುವ ತಪ್ಪಿಗೆ ಮುಂಚಿತವಾಗಿಯೇ ಕ್ಷಮೆ. ಕಚ್ಚೆ ಬಿಗಿದು, ಹಲಗೆ ಕಟ್ಟಿಕೊಂಡು, ಮೊಣಕಾಲು ಸ್ವಲ್ಪ ಬಗ್ಗಿಸಿ, ಕೊಳಗ ಹಿಡಿದವನ ಹಾಗೆ ಕೈ ಮುಂದೆ ಚಾಚಿ ಬಿಟ್ಟೇಬಿಟ್ಟ. ಮೇಲಿನಿಂದ ಕೆಳಗಿನ ಚೀಲದ ಸಾಲಿನವರೆಗೂ ನಿಂತಂತೆ ಬಂದ. ಅವನ ಜೊತೆ ಹೋಗಿದ್ದ ನಾನು ಬಾಗಿಲಲ್ಲಿದ್ದೆ. ಅವನ ಮುಖದಲ್ಲಿ ಅಂಥ ನಗೆಯನ್ನು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ಆಚಾರ್ರ, ಹಕ್ಕಿ ಇಳಿದಂಗ ಇಳಿದ್ರಲ್ರೀ! ಇನ್ನೊಮ್ಮಿ ಹತ್ರಿ, ನಾ ಸರಿಯಾಗಿ ನೋಡಿಲ್ಲ" ಅಂದ ತಾಯಣ್ಣ.

ಅಪ್ಪ ಏಳು ಸಲ ಹತ್ತಿದ. ಮನೆಗೆ ಬರುವಾಗ ದಾರಿಯಲ್ಲಿ ನನಗೆ ಹೇಳಿದ: "ತಂಗೀ, ಈ ಕಾಲು ಹುಟ್ಟಿದಾಗಿಂದ ಒಲಿಯಿಂದ ಪಂಕ್ತಿಗೆ, ಪಂಕ್ತಿಯಿಂದ ಒಲಿಗೆ ಅಷ್ಟ ನಡದಾವ. ಇವತ್ತ ಅವು ನಡೀಲೇ ಇಲ್ಲ, ತಾವ ಹೋದವು. ಹಿಮದ ಮ್ಯಾಲೆ ಇನ್ನ ಹೆಂಗಿರತದೋ." ಅಂದಿನಿಂದ ಹೋಗಬೇಕೆಂಬ ಹುಚ್ಚು ವಕೀಲರಿಗಿಂತ ಅವನಿಗೇ ಹೆಚ್ಚಾಯಿತು. ನಾನೂ ಅವ್ವನೂ ಮನೆಯಲ್ಲಿ ಅವನನ್ನು ಚೇಷ್ಟೆ ಮಾಡಿದ್ದೇ ಮಾಡಿದ್ದು.

ಆರು ತಿಂಗಳು ತಯಾರಿ. ಮನೆಯವರಿಗೆಲ್ಲ ಮುಂಬಯಿಯಿಂದ ಉಣ್ಣೆಯ ಕೋಟು ಬಂದವು. ಅಪ್ಪನಿಗೆ ದೇವದುರ್ಗದ ಕುರುಬರು ನೇಯ್ದ ಕರಿ ಕಂಬಳಿಯನ್ನು ಕತ್ತರಿಸಿ ದರ್ಜಿಯಿಂದ ಒಂದು ಕೋಟು ಹೊಲಿಸಿದರು. ಅಪ್ಪನಿಗೆ ಅದೇ ಸಂಭ್ರಮ. "ಉಣ್ಣಿಗೆ ಮೈಲಿಗಿ ಇಲ್ಲ, ಇದನ್ನ ಹಾಕ್ಕೊಂಡೇ ಅಡಿಗಿ ಮಾಡಬಹುದು" ಎಂದು ಬೀಗಿದ. ಹಣೆಯ ಅಂಗಾರ ಅಕ್ಷತೆ ಸಮೇತ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡ. ಹಗಲೆಲ್ಲ ಮಠದ ಕೆಲಸ, ಬಿಡುವಿನಲ್ಲಿ ವಕೀಲರ ಮನೆಯಲ್ಲಿ ಮೆಂತ್ಯದ ಹಿಟ್ಟು, ಚಟ್ನಿಪುಡಿ, ಹುರಿಹಿಟ್ಟು, ಸಂಡಿಗೆ, ಹಪ್ಪಳ. ನಾಲ್ಕು ತಿಂಗಳು ಹಾಳಾಗದಂಥ ತಿನಿಸು ಡಬ್ಬಿ ಡಬ್ಬಿ ತುಂಬಿದವು. ಸ್ಟೋವಿನ ಮೇಲೆ ಅನ್ನ ಮಾಡುವುದನ್ನು ಕಲಿತ. ವಿಜಯಾಬಾಯಿ ಪಕ್ಕದಲ್ಲಿ ಕೂತು ಎಲ್ಲವನ್ನೂ ಕೇಳಿ ಕೇಳಿ ತಿಳಿದುಕೊಂಡರು. ಎಷ್ಟು ನೀರು, ಎಷ್ಟು ಹೊತ್ತು ಎಂದು ಅವರು ಯಾಕೆ ಅಷ್ಟು ಕೇಳುತ್ತಿದ್ದಾರೆಂದು ನಮಗೆ ಹೊಳೆಯಲಿಲ್ಲ.

ತಪ್ಪು ನಮ್ಮಪ್ಪನದೇ. ಪ್ರವಾಸದ ಬಗ್ಗೆ ವಕೀಲರು ಮಠದಲ್ಲಿ ಹಾರಿಕೆಯ ಮಾತಾಡಿ ಸುಮ್ಮನಾದರು. ಇವನು ಯಾವ ಯಾತ್ರೆಗೂ ಸಂಕಲ್ಪ ಮಾಡದೆ ಹೊರಡಬಾರದು ಎಂದು ಹಟ ಹಿಡಿದ. ಕಾಶಿಗೆ ಹೋಗುವವರು ಮಾಡುತ್ತಾರೆ, ತಿರುಪತಿಗೆ ಹೋಗುವವರು ಮಾಡುತ್ತಾರೆ. ಆಲ್ಪ್ಸ್ ಪರ್ವತದ ಮೇಲೆ ಜಾರಲಿಕ್ಕೆ ಹೋಗುವವನು ಸಂಕಲ್ಪ ಮಾಡಿದ್ದು ನಮ್ಮ ಓಣಿಯಲ್ಲಿ ಮಾತ್ರ. ದೇವರ ಮುಂದೆ ಅಂಗೈಯಲ್ಲಿ ನೀರು, ಅಕ್ಷತೆ ಹಿಡಿದು, ತನ್ನ ಗೋತ್ರ ಹೇಳಿ, "ದ್ವೀಪಾಂತರಯಾತ್ರಾಂ ಕರಿಷ್ಯೇ" ಎಂದು ಇಡೀ ಮಠ ಕೇಳುವ ಹಾಗೆ ಗಟ್ಟಿಯಾಗಿ ಹೇಳಿ ನೀರು ಬಿಟ್ಟ. ಮಠದ ವ್ಯವಹಾರ ನೋಡುವ ದಿವಾನರು ಅಲ್ಲಿಯೇ ಇದ್ದರು. ವಕೀಲರ ಮುಖ ನೋಡಿಕೊಂಡು ಮಾತು ಕೊಟ್ಟರು.

"ಬಂದ ಮ್ಯಾಲೆ ಪ್ರಾಯಶ್ಚಿತ್ತ ಮಾಡ್ಕೊಳ್ರಿ ಆಚಾರ್ರ, ಒಲಿ ನಿಮ್ಮದ. ಅಲ್ಲೀತನಕ ನಮ್ಮ ಭಾವಮೈದ ನೋಡ್ಕೋತಾನ."

ಹೆಂಗಸರು ಅಪ್ಪನಿಗೆ ಆರತಿ ಮಾಡಿದರು. ಓಣಿಯ ಜನ ಸ್ಟೇಷನ್ನಿನ ಅರ್ಧ ದಾರಿಯವರೆಗೆ ಬಂದು ಕಳಿಸಿಕೊಟ್ಟರು.

ಡಿಸೆಂಬರಿನ ಒಂದು ಮಧ್ಯಾಹ್ನ, ಪ್ಲಾಟ್‌ಫಾರ್ಮಿನ ಮೇಲೆ. ನಾನು, ಅವ್ವ, ಕಂಬಳಿ ಕೋಟು ತೊಟ್ಟು ಬೆವರುತ್ತಿದ್ದ ಅಪ್ಪ, ಅವನ ಹೆಗಲ ಮೇಲೆ ಆ ಎರಡು ಹಲಗೆ. ವಕೀಲರ ಸಾಮಾನು, ತಿನಿಸಿನ ಡಬ್ಬಿಗಳು ಎಲ್ಲ ರೈಲಿಗೆ ಏರಿದವು. ಅಪ್ಪ ಹತ್ತಲು ಹೋದಾಗ ವಕೀಲರು ಬಾಗಿಲಿಗೆ ಕೈ ಅಡ್ಡ ಇಟ್ಟರು.

"ಪ್ರಹ್ಲಾದಾ, ಹಡಗಿನಾಗ ನಾಕ ಜಾಗಾ ಅಷ್ಟ ಸಿಕ್ಕಾವ. ಲಡಾಯಿ ಮುಗಿದು ಈಗಿನ್ನೂ ಮಂದಿ ಓಡಾಡಲಿಕತ್ತದ, ಏನ್ ಮಾಡಲಿಕ್ಕೂ ಬರೂದಿಲ್ಲ."

"ಯಾವಾಗ ಗೊತ್ತಾತ್ರೀ?" ಅಂದ ಅಪ್ಪ.

"ಅದೆಲ್ಲ ಈಗ ಯಾಕ? ಹೊರಗ ಬಾಯಿ ಬಿಡಬ್ಯಾಡ. ಅವ್ವಗ ಗೊತ್ತಾದ್ರ ಎದಿ ಒಡಕೋತಾಳ. ನಾವು ಬರೂತನಕ ಎಲ್ಲ್ಯಾರ ದೂರ ಇರು. ಬಂದ ದಿನಾ ಸ್ಟೇಷನ್ನಿಗೆ ಬಾ, ಕೂಡೇ ಮನಿಗೆ ಹೋಗೂಣು. ನಿನ್ನ ಒಲಿಗೆ ನಾ ಜಿಮ್ಮೇದಾರ."

ಹಡಗಿನ ಕಂಪನಿಯ ಪತ್ರ ದೀಪಾವಳಿಗೆ ಮುಂಚೆಯೇ ಬಂದಿತ್ತು. ಅದನ್ನು ಆಮೇಲೆ ಗುರುರಾಜನೇ ಬಾಯಿ ತಪ್ಪಿ ಆಡಿದ. ಡಬ್ಬಿ ತುಂಬುವವರೆಗೆ, ಮುದುಕಿ ಆಶೀರ್ವಾದ ಮಾಡುವವರೆಗೆ ಅವರಿಗೆ ನಮ್ಮಪ್ಪ ಬೇಕಾಗಿದ್ದ. ರೈಲು ಹೊರಟಿತು. ಅಪ್ಪ ಕೈ ಬೀಸಿದ. ಇವತ್ತಿಗೂ ನನ್ನ ಹೊಟ್ಟೆ ಉರಿಯುವುದು ಅವನು ಹಾಗೆ ಕೈ ಬೀಸಿದ್ದಕ್ಕೆ.

ಆರತಿ ಮಾಡಿಸಿಕೊಂಡು ಹೊರಟವನು ಅದೇ ಸಂಜೆ ಯಾವ ಮುಖ ಇಟ್ಟುಕೊಂಡು ಓಣಿಗೆ ತಿರುಗಿ ಬರಬೇಕು? ವಕೀಲರ ಮಾತಿಗಿಂತ ನಾಚಿಕೆಯೇ ಅವನನ್ನು ಓಡಿಸಿತು. ಮಾನ್ವಿ ತಾಲೂಕಿನ ಕಲ್ಲೂರಿನಲ್ಲಿ ಶರಣಮ್ಮ ಎಂಬ ಒಕ್ಕಲಗಿತ್ತಿ ಇದ್ದಳು, ಮಠಕ್ಕೆ ಕಾಯಿಪಲ್ಲೆ ತಂದು ಹಾಕುತ್ತಿದ್ದವಳು. ಅವಳ ಹೊಲದ ಗುಡಿಸಲಲ್ಲಿ ಅಪ್ಪ ಮೂರು ತಿಂಗಳು ಕೂತ. ಜೋಳ ಹಾಲುಗಾಳಾದಾಗ ಎಳೆ ತೆನೆ ಸುಟ್ಟು ಸೀತನಿ ತಿಂದ. ತಾನೇ ನೀರು ಸೇದಿ, ತಾನೇ ಬೇಯಿಸಿಕೊಂಡು ಉಂಡ. ಶರಣಮ್ಮ ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ. "ಯಪ್ಪಾ, ದೊಡ್ಡೋರು ಜಾರಾಕ ಹೋದ್ರು, ನೀವು ಇಲ್ಲಿ ಜಾರಿ ಬಿದ್ರಿ" ಎಂದು ಮಾತ್ರ ಒಂದು ದಿನ ಅಂದಳಂತೆ. ಇತ್ತ ರಾಯಚೂರಿನಲ್ಲಿ ನಾನೂ ಅವ್ವನೂ ಸುಳ್ಳಿನ ಸಂಸಾರ ಹೂಡಿದೆವು. ಯಾರಾದರೂ ಕೇಳಿದರೆ "ಹಡಗು ಮುಟ್ಟಿತಂತ್ರಿ", "ಭಾಳ ಥಂಡಿ ಅದ ಅಂತ್ರಿ" ಎಂದು ಹೇಳುತ್ತಿದ್ದೆವು. ಹದಿನಾಲ್ಕು ವರ್ಷದ ನನಗೆ ಅದರಲ್ಲಿ ಒಂದು ಬಗೆಯ ಖುಷಿಯೂ ಇತ್ತೆಂದು ಒಪ್ಪಿಕೊಳ್ಳಬೇಕು.

ಮಾರ್ಚಿನಲ್ಲಿ ವಕೀಲರು ಬಂದಿಳಿದರು. ಅಪ್ಪ ಪ್ಲಾಟ್‌ಫಾರ್ಮಿನಲ್ಲಿ ಸಿದ್ಧನಾಗಿದ್ದ, ಎಲ್ಲರ ಜೊತೆ ಟಾಂಗಾದಲ್ಲಿ ಊರೊಳಗೆ ಬಂದ. ಅವನು ಗುರುರಾಜನನ್ನು ಕೇಳಿದ್ದು ಒಂದೇ ಮಾತು: "ಹಿಮದ ಮ್ಯಾಲೆ ಹೆಂಗ ಜಾರತದೋ ಅಪ್ಪಿ?"

ಗುರುರಾಜ ನಕ್ಕ. "ಯಾರಿಗೆ ಗೊತ್ತು ಆಚಾರ್ರ? ಮೊದಲನೇ ದಿನಾ ಅವ್ವನ ಕಾಲು ಉಳುಕಿತು, ಅಪ್ಪ ಬಿದ್ದು ಸೊಂಟಾ ಹಿಡಕೊಂಡ್ರು. ಮುಂದ ಎಂಟು ದಿನಾ ಹೋಟೆಲಿನಾಗ ಕನ್ನಡಿ ಕಿಡಕಿ ಮುಂದ ಕೂತು ನೋಡಿದ್ವಿ."

ಅಪ್ಪ ತನ್ನ ಕಾಲು ನೋಡಿಕೊಂಡ. ಅಗಸಿಯ ರಾಶಿಯ ಮೇಲೆ ಏಳು ಸಲ ನಿಂತಂತೆ ಇಳಿದವನು ಅವನು.

ಪ್ರಾಯಶ್ಚಿತ್ತದ ದಿನ ಮಠದಲ್ಲಿ ಐದು ಮಣೆ ಹಾಕಿದ್ದರು. ದೇವದುರ್ಗದಿಂದ ಕಾವೇರಿಬಾಯಿ ಬಂದಿದ್ದರು. ಪಂಚಗವ್ಯ, ಹೊಸ ಜನಿವಾರ, ಆಮೇಲೆ ಊಟ. ವೃದ್ಧ ಆಚಾರ್ಯರೊಬ್ಬರು ಹೇಳಿಕೊಟ್ಟಂತೆ ಒಬ್ಬೊಬ್ಬರೂ ಅಂಗೈಯಲ್ಲಿ ನೀರು ಹಿಡಿದು "ಮಮ ಸಮುದ್ರಲಂಘನದೋಷಪರಿಹಾರಾರ್ಥಂ" ಎಂದು ಹೇಳಬೇಕು. ನಾನು ಸಮುದ್ರ ದಾಟಿದ ದೋಷ ಪರಿಹಾರವಾಗಲಿ ಎಂದು ಅದರ ಅರ್ಥ. ನಾಲ್ವರೂ ಹೇಳಿ ಮುಗಿಸಿದರು. ಉಳಿದದ್ದು ಅಪ್ಪ. ಅದೊಂದು ಮಾತು ಹೇಳಿ ನೀರು ಬಿಟ್ಟರೆ ಒಲೆ ಅವನದು. ನಾನು ಹೆಂಗಸರ ನಡುವೆ ಕೂತು ಮನಸ್ಸಿನಲ್ಲೇ ಅವನಿಗೆ ಹೇಳಿಕೊಡುತ್ತಿದ್ದೆ.

ಅಪ್ಪ "ಮಮ" ಅಂದ. ನಿಂತ. ಬೆರಳ ಸಂದಿಯಿಂದ ನೀರು ಸೋರಿಹೋಯಿತು.

"ನಾ ಸಮುದ್ರ ದಾಟಿಲ್ರಿ" ಅಂದ. "ನಾ ಹೋಗೇ ಇಲ್ಲ. ಕಲ್ಲೂರಾಗ ಇದ್ದೆ."

ವಕೀಲರು ನಗಲು ನೋಡಿದರು. "ಹಡಗಿನ ಗಾಳಿ ಇನ್ನೂ ತಲಿಯಿಂದ ಇಳಿದಿಲ್ಲ ಇವಗ" ಅಂದರು. ಯಾರೂ ನಗಲಿಲ್ಲ. ಕಾವೇರಿಬಾಯಿ ಮಗನ ಕಡೆ ತಿರುಗಿ, "ಹಂಗಾದ್ರ ಮೂರು ತಿಂಗಳು ಯಾರ ಕೈಯಾಗ ಉಂಡ್ರಿ?" ಎಂದು ಕೇಳಿದರು. ಅಪ್ಪ ಪಕ್ಕಕ್ಕಿಟ್ಟಿದ್ದ ಕಂಬಳಿ ಕೋಟಿನ ಕಿಸೆಯಿಂದ ಪಾಸ್‌ಪೋರ್ಟು ತೆಗೆದು ದಿವಾನರ ಮುಂದೆ ಹಿಡಿದ.

"ನೋಡ್ರಿ, ಒಂದು ಮುದ್ರಿ ಸೈತ ಬಿದ್ದಿಲ್ಲ. ನನ್ನ ಒಲಿ ನನಗ ಬಿಡ್ರಿ."

ದಿವಾನರು ಪಾಸ್‌ಪೋರ್ಟು ಮುಟ್ಟಲಿಲ್ಲ. ಅವರ ಭಾವಮೈದ ಒಳಗೆ ಅನ್ನ ಬಸಿಯುತ್ತಿದ್ದ. "ದೇವರ ಮುಂದ ಹೋಗ್ತೀನಿ ಅಂತ ನೀರು ಬಿಟ್ಟವರು ನೀವ. ಮನಸಿನಾಗ ಅಂದೇ ದಾಟಿದ್ರಿ. ಮ್ಯಾಲೆ ಸಂಕಲ್ಪ ಮುರಿದ್ರಿ, ಮೂರು ತಿಂಗಳು ಊರಿಗೆ ಮೋಸ ಮಾಡಿದ್ರಿ. ಇಂಥ ಕೈಯಿಂದ ನೈವೇದ್ಯ ಹೆಂಗ ಇಳಿಸೋದು?"

"ಹಂಗಾದ್ರ ನನಗೂ ಪ್ರಾಯಶ್ಚಿತ್ತ ಕೊಡ್ರಿ."

"ಹೋಗಿ ಬಂದವರಿಗೆ ಪ್ರಾಯಶ್ಚಿತ್ತ ಅದ ಆಚಾರ್ರ. ನೀವು ಹೋಗೇ ಇಲ್ಲಲ್ಲ?"

ಆ ದಿನ ಸಮುದ್ರ ದಾಟಿ, ಹೋಟೆಲಿನ ಅನ್ನ ಉಂಡು ಬಂದ ನಾಲ್ವರು ಮೊದಲ ಪಂಕ್ತಿಯಲ್ಲಿ ಕೂತು ಊಟ ಮಾಡಿದರು. ರಾಯಚೂರು ಸೀಮೆಯ ಹೊಳೆಯನ್ನೂ ದಾಟದ ನಮ್ಮಪ್ಪನನ್ನು ಪಂಕ್ತಿಯಿಂದ ಎಬ್ಬಿಸಿದರು. ಕಾವೇರಿಬಾಯಿ ತಿಂಗಳೊಳಗೆ ಮಗನನ್ನು ಕ್ಷಮಿಸಿದರು. ಅಪ್ಪನನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. "ಮಗಾ ತಪ್ಪು ಮಾಡ್ಯಾನ, ಅವ ಮೋಸ ಮಾಡ್ಯಾನ" ಅನ್ನುತ್ತಿದ್ದರಂತೆ. ವಕೀಲರು ನಮ್ಮ ಮನೆಯ ಕಡೆ ಬರುವುದನ್ನೇ ಬಿಟ್ಟರು. ಅಪ್ಪನ ಒಲೆಗೆ ತಾವೇ ಹೊಣೆ ಎಂದಿದ್ದವರು ಅವರು.

ನನಗೆ ಅವರೆಲ್ಲರಿಗಿಂತ ಅಪ್ಪನ ಮೇಲೆ ಸಿಟ್ಟು ಬಂತು. "ಮೂರು ತಿಂಗಳು ನಾವಿಬ್ಬರೂ ಊರಿಗೆಲ್ಲ ಸುಳ್ಳು ಹೇಳಿದ್ವಿ. ನೀ ಒಂದ ಸುಳ್ಳು ಹೇಳಿದ್ರ ಬಾಯಿ ಸುಡತಿತ್ತೇನು?" ಎಂದು ಎಗರಿಬಿದ್ದೆ.

"ಹೇಳಬೇಕಂತ ಬಾಯಿ ತೆಗದಿದ್ದೆ ತಂಗಿ" ಅಂದ. "ಆದ್ರ ಒಮ್ಮಿ ಹೋಗಿಬಂದೆ ಅಂತ ಅಂದುಬಿಟ್ರ, ಮತ್ತ ಹೋಗಬೇಕು ಅನ್ನೋ ಆಸೆನೂ ಮುಗದಂಗಲ್ಲೇನು? ಅಷ್ಟು ಲಗೂನ ಮುಗಸಲಿಕ್ಕೆ ಮನಸಾಗಲಿಲ್ಲ."

ಮಾನ್ವಿಗೆ ಹೋದೆವು. ಅಪ್ಪ ಒಂದು ಸಣ್ಣ ಖಾನಾವಳಿ ಇಟ್ಟ. ಬಂದವರು ಕೂಡಲಿಕ್ಕೆ ಆ ಎರಡು ಹಲಗೆಗಳನ್ನೇ ಕಲ್ಲಿನ ಮೇಲೆ ಜೋಡಿಸಿದ. ಬಾಗಿದ ತುದಿ ನೋಡಿದವರು ಇದೇನೆಂದು ಕೇಳುತ್ತಿದ್ದರು, ಕೇಳಿದವರು ಊರಿಗೆಲ್ಲ ಹೇಳುತ್ತಿದ್ದರು. ಆಚಾರ ವಿಲಾಯತಿಗೆ ಹೋಗಿದ್ದಕ್ಕೆ ಆ ಹಲಗೆಗಳೇ ಸಾಕ್ಷಿಯಾದವು. "ನಾ ಹೋಗಿಲ್ಲೋ ಮಾರಾಯಾ" ಎಂದು ಅಪ್ಪ ಮೊದಮೊದಲು ಎಲ್ಲರಿಗೂ ಹೇಳಿದ. ಅವರು ಕಣ್ಣು ಮಿಟುಕಿಸಿ ನಗುತ್ತಿದ್ದರು. ಜಾತಿಯ ಭಯಕ್ಕೆ ಮುಚ್ಚಿಡುತ್ತಿದ್ದಾನೆ ಎಂದು ಅವರ ಲೆಕ್ಕ. ಮಡಿವಂತರು ನಮ್ಮಲ್ಲಿ ಉಣ್ಣಲಿಲ್ಲ. ನನ್ನನ್ನು ನೋಡಲು ಬಂದ ಎರಡು ಮನೆಯವರು ಹೆಸರು ಕೇಳಿ ಹಾಗೆಯೇ ಎದ್ದು ಹೋದರು. ಮುಂದೆ ರಜಾಕಾರರ ಗಲಾಟೆಯ ವರ್ಷ ಬಂತು. ವಕೀಲರ ಮನೆಯವರು ತುಂಗಭದ್ರೆ ದಾಟಿ ಆಚೆ ದಂಡೆಗೆ ಹೋಗಿ ಕ್ಷೇಮವಾಗಿದ್ದರು. ನಾವು ಮಾನ್ವಿಯಲ್ಲಿಯೇ ಕದ ಹಾಕಿಕೊಂಡು ಕೂತೆವು. ದಾಟುವುದು ನಮ್ಮ ಹಣೆಯಲ್ಲಿ ಬರೆದಿರಲಿಲ್ಲ.

೧೯೪೯ರ ಮೇ ತಿಂಗಳಲ್ಲಿ ಅಪ್ಪ ಜ್ವರದಿಂದ ಮಲಗಿದ. ಹೊರಗೆ ಕಾಲಿಟ್ಟರೆ ಅಂಗಾಲು ಸುಡುವ ಬಿಸಿಲು. ಮೈ ಕಾದಿದ್ದರೂ ಗೂಟದ ಮೇಲಿನ ಕಂಬಳಿ ಕೋಟು ಹೊದಿಸು ಅಂದ. ಮೂರನೆಯ ದಿನ ಬೆಳಗ್ಗೆ ಹೋದ. ಕ್ರಿಯೆಗೆ ಚಿಕ್ಕಪ್ಪನ ಮಗ ಬಂದ. ಪುರೋಹಿತರು ಅಂಗಳಕ್ಕೆ ಬಂದವರು ದರ್ಭೆ ಕೆಳಗಿಡದೆ ನಿಂತರು.

"ಸಮುದ್ರ ದಾಟಿದ ದೋಷ ಹಂಗ ಉಳಿದದ. ಅದಕ್ಕ ಮೊದಲು ಪ್ರಾಯಶ್ಚಿತ್ತ ಆಗಬೇಕು. ಅದು ಆಗಲಾರದ ನಾ ಮಂತ್ರ ಹೇಳೂದಿಲ್ಲ."

ಅವ್ವ ಎದ್ದಳು. ಪೆಟ್ಟಿಗೆಯಲ್ಲಿದ್ದ ಖಾಲಿ ಪಾಸ್‌ಪೋರ್ಟು ತರಲು ಹೊರಟಿದ್ದಳೆಂದು ನನಗೆ ಗೊತ್ತಾಯಿತು. ಅವಳ ಸೆರಗು ಹಿಡಿದು ನಿಲ್ಲಿಸಿದೆ.

"ಪ್ರಾಯಶ್ಚಿತ್ತ ಹೋಗಿ ಬಂದವರಿಗೆ ಅಷ್ಟ ಹೌದಲ್ರೀ?" ಎಂದು ಪುರೋಹಿತರನ್ನು ಕೇಳಿದೆ.

"ಹೌದವಾ, ಮತ್ತ್ಯಾರಿಗೆ?"

"ಹಂಗಾದ್ರ ಮಾಡ್ರಿ. ನಮ್ಮಪ್ಪ ಹೋಗಿ ಬಂದಾನ."

ಚಿಕ್ಕಪ್ಪನ ಮಗ ಅಪ್ಪನ ಹೆಸರು, ಗೋತ್ರ ಹೇಳಿ ನೀರು ಬಿಟ್ಟ. ಮಠದಲ್ಲಿ ಅಪ್ಪನ ಗಂಟಲಲ್ಲೇ ಉಳಿದ ಮಾತು ಪೂರ್ತಿಯಾಯಿತು. ಒಲೆಯ ಆಸೆಗೂ ಅವನು ಹೇಳದ ಸುಳ್ಳನ್ನು, ಅವನು ಅಲ್ಲವೆನ್ನಲಾಗದ ಹೊತ್ತಿನಲ್ಲಿ, ಅವನ ತಲೆಯ ಹತ್ತಿರ ನಿಂತು ನಾನು ಹೇಳಿದ್ದೆ. ಅವ್ವ ಹದಿಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.